ಬಸ್ಸು ತಡ ಆಗೋದು ನಿಂತಾಗ

2006ರ ಬೇಸಿಗೆಯಲ್ಲಿ ಅಪ್ಪ ಅಮ್ಮ ಮೊದಲ ಸಲ ಸಿಯಾಟಲ್‌ಗೆ ಬಂದಿದ್ರು. ಬಂದೋರಿಗೆ ಎಲ್ಲರೂ ತೋರಿಸೋ ಹಾಗೆ ನಾನೂ ಸ್ಪೇಸ್ ನೀಡಲ್ ತೋರಿಸಿದೆ, ಪೈಕ್ ಪ್ಲೇಸ್ ಮಾರ್ಕೆಟ್ಟಿನಲ್ಲಿ ಮೀನು ಎಸೆದು ಹಿಡಿಯೋದನ್ನ ತೋರಿಸಿದೆ (ಅಮ್ಮ ಸೆರಗಿಂದ ಮೂಗು ಮುಚ್ಕೊಂಡು ದೂರ ನಿಂತಿದ್ರು), ಮೋಡ ಸರಿದ ಒಂದು ದಿನ ಮೌಂಟ್ ರೇನಿಯರ್‌ಗೂ ಕರ್ಕೊಂಡು ಹೋದೆ. ಎಲ್ಲದಕ್ಕೂ ಅಪ್ಪನದು ಒಂದೇ ಮಾತು, "ಚೆನ್ನಾಗಿದೆ". ಅವರು ಮುಕ್ಕಾಲು ಗಂಟೆ ಅಲ್ಲಾಡದೆ ನಿಂತು ನೋಡಿದ್ದು ಮಾತ್ರ ಇವ್ಯಾವುದನ್ನೂ ಅಲ್ಲ. ಡೌನ್‌ಟೌನಿನ ಮೂರನೇ ಅವೆನ್ಯೂನಲ್ಲಿ ಸಂಜೆ ಐದು ಗಂಟೆಗೆ ಒಂದರ ಹಿಂದೆ ಒಂದು ಬಂದು ಹೋಗ್ತಿದ್ದ ಬಸ್ಸುಗಳನ್ನ.

ಅಪ್ಪ ಕೆಎಸ್ಸಾರ್ಟಿಸಿಯಲ್ಲಿ ಟಿ.ಸಿ. ಆಗಿದ್ದೋರು. ಬಸ್‌ಸ್ಟ್ಯಾಂಡಿನ ಗೂಡಿನಂಥ ಕೋಣೆಯಲ್ಲಿ ಕೂತು, ಯಾವ ಬಸ್ಸು ಎಷ್ಟು ಗಂಟೆಗೆ ಬಂತು, ಎಷ್ಟು ಗಂಟೆಗೆ ಹೊರಟಿತು ಅಂತ ಉದ್ದದ ಪುಸ್ತಕದಲ್ಲಿ ಬರೆದು, ಸೀಟಿ ಊದಿ, "ಏಯ್ ಹೊರಡಯ್ಯಾ" ಅಂತ ಡ್ರೈವರನ್ನ ಓಡಿಸೋ ಕೆಲಸ. ಹಾಸನದಲ್ಲಿ ಹನ್ನೊಂದು ವರ್ಷ ಅದನ್ನೇ ಮಾಡಿದ್ದಾರೆ. ಹಾಗಾಗಿ ಅವತ್ತೂ ಎಚ್‌ಎಂಟಿ ವಾಚು ನೋಡ್ಕೊಂಡು ಏನೋ ಲೆಕ್ಕ ಹಾಕ್ತಾ ಇದ್ರು. ಕೊನೆಗೆ ನನ್ನ ಕಡೆ ತಿರುಗಿ ಹೇಳಿದ್ದು ಇಷ್ಟು: "ಬಸ್ಸು ಓಡೋವಾಗ ತಡ ಆಗಲ್ಲ ಕಣೋ. ನಿಂತಾಗ ಆಗೋದು."

ಆಗ ನನಗೆ ಅದು ಅಷ್ಟೇನೂ ದೊಡ್ಡ ಮಾತು ಅನ್ನಿಸಲಿಲ್ಲ. ಆಮೇಲಿನ ಇಪ್ಪತ್ತು ವರ್ಷದಲ್ಲಿ ಈ ಊರು ತನ್ನ ಡೌನ್‌ಟೌನಿಗೆ ಜನರನ್ನ ಹೇಗೆ ತುಂಬೋದು, ಹೇಗೆ ವಾಪಸ್ಸು ಕಳಿಸೋದು ಅಂತ ಪಟ್ಟ ಪಾಡು ನೋಡಿದ ಮೇಲೆ, ಕೋಟಿಗಟ್ಟಲೆ ಡಾಲರ್ ಖರ್ಚು ಮಾಡಿ ಕಲಿತ ಪಾಠದಲ್ಲಿ ಅರ್ಧ ಅಪ್ಪನ ಆ ಒಂದು ಸಾಲಲ್ಲೇ ಇತ್ತಲ್ಲ ಅನ್ನಿಸತ್ತೆ. ಇವತ್ತು ಅದನ್ನೇ ಬರೀತೀನಿ. ಸ್ವಲ್ಪ ಬಸ್ಸು, ಸ್ವಲ್ಪ ಸಿಮೆಂಟು, ಸ್ವಲ್ಪ ಲೆಕ್ಕ. ಬೋರಾದ್ರೆ ಬೈಕೊಳ್ಳಿ.

ಮೊದಲು ಊರಿನ ಆಕಾರ ಹೇಳಿಬಿಡ್ತೀನಿ. ಸಿಯಾಟಲ್ ಡೌನ್‌ಟೌನ್ ಅನ್ನೋದು ಒಂದು ಇಕ್ಕಟ್ಟಾದ ಪಟ್ಟಿ. ಪಶ್ಚಿಮಕ್ಕೆ ಸಮುದ್ರದ ಎಲಿಯಟ್ ಕೊಲ್ಲಿ, ಪೂರ್ವಕ್ಕೆ ಏರುಗುಡ್ಡ. ಆ ಗುಡ್ಡದ ಬುಡ ಸೀಳಿಕೊಂಡು 1960ರ ದಶಕದಲ್ಲಿ ಕಟ್ಟಿದ ಐ-5 ಹೆದ್ದಾರಿ. ನಡುವೆ ಇರೋ ಅವೆನ್ಯೂಗಳನ್ನ ಎರಡು ಕೈಯಲ್ಲಿ ಎಣಿಸಬಹುದು. ಅದರ ಮೇಲೆ ಇನ್ನೊಂದು ತಮಾಷೆ. 1850ರ ದಶಕದಲ್ಲಿ ಊರು ಕಟ್ಟಿದ ಮೇನಾರ್ಡ್ ಅನ್ನೋ ಡಾಕ್ಟರು ತನ್ನ ಜಾಗದ ರಸ್ತೆಗಳನ್ನ ದಿಕ್ಸೂಚಿ ಹಿಡಿದು ನೆಟ್ಟಗೆ ಉತ್ತರ-ದಕ್ಷಿಣ ಹಾಕಿದ. ಪಕ್ಕದ ಡೆನ್ನಿ, ಬೋರೆನ್ ಇಬ್ಬರೂ ದಡ ಹೇಗೆ ವಾಲಿದೆಯೋ ಹಾಗೆ ಹಾಕಿದ್ರು. ಇವರವರಲ್ಲಿ ಹೊಂದಾಣಿಕೆ ಆಗಲಿಲ್ಲ. ಇವತ್ತಿಗೂ ಎಸ್ಲರ್ ವೇ ಹತ್ತಿರ ರಸ್ತೆಗಳು ಅಣ್ಣತಮ್ಮಂದಿರು ಜಗಳ ಆಡಿ ಪಾಲು ಮಾಡ್ಕೊಂಡ ಹೊಲದ ಬದುವಿನ ಹಾಗೆ ಸೊಟ್ಟಸೊಟ್ಟ ಸೇರ್ತವೆ. ಒಟ್ಟಿನಲ್ಲಿ ರಸ್ತೆ ಅಗಲ ಮಾಡೋಕೆ ಜಾಗ ಇಲ್ಲ, ಎರಡೂ ಕಡೆ ನಲವತ್ತು ಮಹಡಿ ಕಟ್ಟಡ.

ಇಂಥಾ ಪಟ್ಟಿಯೊಳಗೆ 2010ರಿಂದ 2017ರ ಒಳಗೆ ಸುಮಾರು ಅರವತ್ತು ಸಾವಿರ ಹೊಸ ಕೆಲಸಗಳು ಬಂದು ಕೂತವು. ಊರಿನ ಜನಸಂಖ್ಯೆ 2010ರ ಗಣತಿಯಲ್ಲಿ 6,08,660 ಇದ್ದದ್ದು 2020ಕ್ಕೆ 7,37,015 ಆಯ್ತು. ಈ ಅರವತ್ತು ಸಾವಿರ ಜನ ಒಬ್ಬೊಬ್ಬರೇ ಕಾರು ತಂದಿದ್ರೆ ಏನಾಗ್ತಿತ್ತು ಯೋಚನೆ ಮಾಡಿ. ನಿಲ್ಲಿಸೋಕೆ ಇನ್ನೊಂದು ಡೌನ್‌ಟೌನ್ ಬೇಕಾಗ್ತಿತ್ತು. ಆದದ್ದು ಉಲ್ಟಾ. 2010ರಲ್ಲಿ ಬೆಳಗ್ಗೆ ಡೌನ್‌ಟೌನಿಗೆ ಕೆಲಸಕ್ಕೆ ಬರೋರಲ್ಲಿ ನೂರಕ್ಕೆ 35 ಜನ ಒಬ್ಬರೇ ಕಾರಲ್ಲಿ ಬರ್ತಿದ್ರು. 2017ರ ಸಮೀಕ್ಷೆಯಲ್ಲಿ ಅದು 25ಕ್ಕೆ ಇಳೀತು. ಬಸ್ಸು, ರೈಲಲ್ಲಿ ಬರೋರು 48. ಅಂದ್ರೆ ಅರವತ್ತು ಸಾವಿರ ಕೆಲಸ ಜಾಸ್ತಿ ಆದ್ರೂ ಒಂಟಿ ಕಾರುಗಳು ನಾಲ್ಕೂವರೆ ಸಾವಿರ ಕಮ್ಮಿ. ಅಮೆರಿಕಾದಲ್ಲಿ ಬೆಳೀತಾ ಇರೋ ಊರೊಂದರಲ್ಲಿ ಇಂಥದ್ದು ಅಪರೂಪ.

ಇದು ಹೇಗಾಯ್ತು ಅಂತ ಕೇಳಿದ್ರೆ ಇಲ್ಲಿ ಬಹಳ ಜನ "ಟ್ರೇನ್ ಬಂತಲ್ಲ" ಅಂತಾರೆ. ಅದು ಕಾಲುಭಾಗ ನಿಜ. ಆ ವರ್ಷಗಳಲ್ಲಿ ಬಂದ ಹೊಸ ರೈಲು ಮಾರ್ಗದಲ್ಲಿ ದೊಡ್ಡದು ಅಂದ್ರೆ 2016ರ ಮಾರ್ಚ್‌ನಲ್ಲಿ ಶುರುವಾದ, ಡೌನ್‌ಟೌನಿಂದ ಕ್ಯಾಪಿಟಲ್ ಹಿಲ್ ಮೂಲಕ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಹೋಗೋ ಎರಡೇ ನಿಲ್ದಾಣದ ತುಂಡು. ಮಿಕ್ಕಿದ ಭಾರವನ್ನೆಲ್ಲ ಹೊತ್ತಿದ್ದು ಬಸ್ಸು. ಅದೂ ಮುಖ್ಯವಾಗಿ ಮೂರನೇ ಅವೆನ್ಯೂ.

ರೈಲು ಇಷ್ಟು ತಡ ಆದದ್ದಕ್ಕೂ ಒಂದು ಕಥೆ ಇದೆ, ನೋವಿನ ಕಥೆ. 1968ರ ಫೆಬ್ರವರಿಯಲ್ಲಿ ಫಾರ್ವರ್ಡ್ ಥ್ರಸ್ಟ್ ಅನ್ನೋ ಹೆಸರಲ್ಲಿ ಊರಿಗೆ ಮೆಟ್ರೋ ಕಟ್ಟೋ ಪ್ರಸ್ತಾಪ ಮತಕ್ಕೆ ಬಂತು. ಅರ್ಧಕ್ಕಿಂತ ಒಂಚೂರು ಜಾಸ್ತಿ ಜನ ಹೂಂ ಅಂದ್ರು. ಆದ್ರೆ ಸಾಲ ಎತ್ತೋಕೆ ನೂರಕ್ಕೆ ಅರವತ್ತು ಬೇಕಿತ್ತು. ಬಿದ್ದು ಹೋಯ್ತು. 1970ರಲ್ಲಿ ಮತ್ತೆ ಕೇಳಿದಾಗ ಬೋಯಿಂಗ್ ಸಾವಿರಾರು ಜನರನ್ನ ಮನೆಗೆ ಕಳಿಸ್ತಾ ಇತ್ತು, ಯಾರಿಗೆ ಬೇಕು ಮೆಟ್ರೋ? ಇನ್ನೂ ಕಮ್ಮಿ ವೋಟು. ಇಲ್ಲಿಗೆ ಬರಬೇಕಿದ್ದ ಕೇಂದ್ರ ಸರ್ಕಾರದ ದುಡ್ಡು ಅಟ್ಲಾಂಟಾಕ್ಕೆ ಹೋಗಿ ಅಲ್ಲಿಯ ಮಾರ್ಟಾ ರೈಲಾಯ್ತು, 1979ರಿಂದ ಓಡ್ತಾ ಇದೆ. ಅಟ್ಲಾಂಟಾದಲ್ಲಿರೋ ನನ್ನ ಗೆಳೆಯ ಫೋನ್ ಮಾಡಿದಾಗೆಲ್ಲ "ನಿಮ್ಮ ರೈಲಲ್ಲಿ ಏರ್‌ಪೋರ್ಟಿಗೆ ಹೋಗ್ತಿದ್ದೀನಿ ಮಾರಾಯ" ಅಂತ ಕೆಣಕ್ತಾನೆ. ಸಿಯಾಟಲ್‌ಗೆ ರೈಲು ಬಂದದ್ದು 2009ರ ಜುಲೈ 18ಕ್ಕೆ. ಅವರಿಗಿಂತ ಮೂವತ್ತು ವರ್ಷ ಹಿಂದೆ.

ರೈಲಿಲ್ಲದ ಊರು ಮಾಡಿದ ಉಪಾಯ ಬಸ್ಸಿಗೇ ಸುರಂಗ. ಮೂರನೇ ಅವೆನ್ಯೂ ಕೆಳಗೆ ಕೊರೆದು, ಪೈನ್ ಸ್ಟ್ರೀಟಿನಲ್ಲಿ ರಸ್ತೆ ಅಗೆದು ಮುಚ್ಚಿ, 1.3 ಮೈಲಿ ಉದ್ದ, ಐದು ನಿಲ್ದಾಣ. 1990ರ ಸೆಪ್ಟೆಂಬರ್‌ನಲ್ಲಿ ಶುರು. ನಾನು 2003ರ ಕೊನೆಯಲ್ಲಿ ಇಲ್ಲಿಗೆ ಬಂದಾಗ ನಾರ್ತ್‌ಗೇಟಿನಿಂದ 41ನೇ ನಂಬರ್ ಬಸ್ಸಲ್ಲಿ ಆಫೀಸಿಗೆ ಹೋಗ್ತಿದ್ದೆ. ಡೀಸೆಲ್‌ನಲ್ಲಿ ಗುಡುಗುಡು ಅಂತ ಐ-5ರಲ್ಲಿ ಬಂದು, ಕನ್ವೆನ್ಷನ್ ಪ್ಲೇಸ್ ನಿಲ್ದಾಣದಲ್ಲಿ ನಿಂತು, ತಲೆ ಮೇಲಿನ ಎರಡು ಕೋಲು ಎತ್ತಿ ತಂತಿಗೆ ಸಿಕ್ಕಿಸಿ, ಸುರಂಗದ ಒಳಗೆ ಕರೆಂಟಲ್ಲಿ ಸದ್ದಿಲ್ಲದೆ ಜಾರಿ ಹೋಗ್ತಿತ್ತು. ಹೊಗೆ ಇರಬಾರದಲ್ಲ ಒಳಗೆ, ಅದಕ್ಕೆ. ಮೊದಲ ಸಲ ನೋಡಿದಾಗ ಬಸ್ಸು ಜುಟ್ಟು ಕಟ್ಕೊಳ್ತಾ ಇದೆ ಅನ್ನಿಸಿತ್ತು.

ಮುಂದೆ ಎಂದಾದ್ರೂ ರೈಲು ಬರತ್ತೆ ಅಂತ ಆ ಸುರಂಗದ ನೆಲಕ್ಕೆ 1990ರಲ್ಲೇ ಹಳಿ ಹಾಕಿದ್ರು. ನಾನು ದಿನಾ ಆ ಹಳಿ ನೋಡಿ, ಪರವಾಗಿಲ್ಲ, ದೂರದೃಷ್ಟಿ ಅಂದ್ರೆ ಇದು ಅಂತ ಮೆಚ್ಕೊಂಡಿದ್ದೆ. ಆಮೇಲೆ ಗೊತ್ತಾಯ್ತು ಅದರ ಬಣ್ಣ. ವಿದ್ಯುತ್ ರೈಲಿನ ಕರೆಂಟು ಮೇಲಿನ ತಂತಿಯಿಂದ ಬಂದು ಹಳಿಯ ಮೂಲಕ ವಾಪಸ್ಸು ಹೋಗತ್ತೆ. ಹಳಿಗೂ ನೆಲಕ್ಕೂ ನಡುವೆ ಸರಿಯಾದ ತಡೆ ಇಲ್ಲದಿದ್ರೆ ಆ ಕರೆಂಟು ಮಣ್ಣಿಗೆ ಸೋರಿ, ಅಕ್ಕಪಕ್ಕದ ನೀರಿನ ಕೊಳವೆ, ಕಬ್ಬಿಣ ಎಲ್ಲವನ್ನೂ ತಿಂದು ಹಾಕತ್ತೆ. 1990ರಲ್ಲಿ ಹಾಕಿದ ಹಳಿಗೆ ಆ ತಡೆಯನ್ನ ಸರಿಯಾಗಿ ಕೊಟ್ಟಿರಲಿಲ್ಲ. ಒಂದೇ ಒಂದು ರೈಲೂ ಓಡದ ಹಳಿಯನ್ನ ಪೂರ್ತಿ ಕಿತ್ತು ಹೊಸದು ಹಾಕಬೇಕಾಯ್ತು. ಅದಕ್ಕೂ ನೆಲವನ್ನ ತಗ್ಗಿಸೋದಕ್ಕೂ ಅಂತ 2005ರ ಸೆಪ್ಟೆಂಬರಿಂದ ಎರಡು ವರ್ಷ ಸುರಂಗ ಬಂದ್. ಒಳಗಿದ್ದ ಬಸ್ಸೆಲ್ಲ ಮೇಲೆ ಬಂತು.

ಅಪ್ಪ ಬಂದದ್ದು ಸರಿಯಾಗಿ ಆ ಹೊತ್ತಿಗೆ.

ಸುರಂಗದ ಬಸ್ಸುಗಳನ್ನ ಮೇಲೆ ತಂದ್ರೆ ಊರು ನಿಂತೇ ಹೋಗತ್ತೆ ಅಂತ ಎಲ್ಲರಿಗೂ ಭಯ. ಆಗ ಎರಡು ಬದಲಾವಣೆ ಮಾಡಿದ್ರು, ಎರಡೂ ಬಣ್ಣ ಮತ್ತು ಬೋರ್ಡಿನ ಖರ್ಚಿನವು. ಒಂದು, ಬೆಳಗ್ಗೆ ಸಂಜೆ ರಶ್ ಹೊತ್ತಲ್ಲಿ ಮೂರನೇ ಅವೆನ್ಯೂನಲ್ಲಿ ಕಾರು ನೇರ ಹೋಗೋ ಹಾಗಿಲ್ಲ. ಬಂದ್ರೆ ಮುಂದಿನ ತಿರುವಲ್ಲಿ ಹೊರಗೆ ಹೋಗಬೇಕು. ಎರಡು, ಎಲ್ಲ ಬಸ್ಸೂ ಎಲ್ಲ ಸ್ಟಾಪಲ್ಲೂ ನಿಲ್ಲಲ್ಲ. ಬಸ್ಸುಗಳನ್ನ ಗುಂಪು ಮಾಡಿ, ಈ ಗುಂಪು ಈ ಸ್ಟಾಪು, ಆ ಗುಂಪು ಮುಂದಿನ ಸ್ಟಾಪು. ಒಂದು ಸ್ಟಾಪಲ್ಲಿ ನಿಂತಿರೋ ಬಸ್ಸನ್ನ ಇನ್ನೊಂದು ಗುಂಪಿನ ಬಸ್ಸು ದಾಟಿಕೊಂಡು ಹೋಗತ್ತೆ. ಒಂದು ದಿಕ್ಕಿಗೆ ಎರಡು ಲೇನ್ ಇರೋದು ಅದಕ್ಕೇ.

ಅಪ್ಪ ಇದನ್ನ ಯಾರೂ ಹೇಳಿಕೊಡದೆ ಹತ್ತು ನಿಮಿಷದಲ್ಲಿ ಹಿಡಿದುಬಿಟ್ರು. "ನೋಡು, ಹಳದಿ ಬೋರ್ಡಿನ ಕಂಬದ ಹತ್ರ ಒಂದು ಜಾತಿ ಬಸ್ಸು, ಆ ಕಂಬದ ಹತ್ರ ಇನ್ನೊಂದು ಜಾತಿ. ನಮ್ಮ ಸ್ಟ್ಯಾಂಡಲ್ಲಿ ಬೇಲೂರು ಬಸ್ಸಿಗೆ ಒಂದು ಅಂಕಣ, ಅರಸೀಕೆರೆ ಬಸ್ಸಿಗೆ ಒಂದು ಅಂಕಣ ಇದ್ದ ಹಾಗೆ. ಇವರು ಸ್ಟ್ಯಾಂಡನ್ನೇ ಉದ್ದಕ್ಕೆ ಎಳೆದು ರಸ್ತೆ ಮಾಡಿದ್ದಾರೆ." ನಾನು ಮೂರು ವರ್ಷದಿಂದ ಅಲ್ಲೇ ಓಡಾಡ್ತಿದ್ದೆ, ನನಗೆ ಹೀಗೆ ಕಂಡಿರಲಿಲ್ಲ.

ಅವರ ವಾಚಿನ ಲೆಕ್ಕಾನೂ ಹೇಳ್ತೀನಿ, ಒರಟು ಲೆಕ್ಕವೇ. ಒಂದು ಬಸ್ಸು ಸ್ಟಾಪಿಗೆ ಬಂದು, ಜನ ಹತ್ತಿ ಇಳಿದು, ಬಾಗಿಲು ಹಾಕ್ಕೊಂಡು ಜಾಗ ಖಾಲಿ ಮಾಡೋಕೆ ಒಂದು ನಿಮಿಷ ಅಂತ ಇಟ್ಕೊಳ್ಳಿ. ಗಂಟೆಗೆ ಅರವತ್ತು ಬಸ್ಸು. ಆದ್ರೆ ಸಿಗ್ನಲ್ ಅರ್ಧ ಹೊತ್ತು ಕೆಂಪಿರತ್ತೆ, ಹಾಗಾಗಿ ಮೂವತ್ತು. ಈಗ ಹತ್ತೋಕೆ ಇಳಿಯೋಕೆ ತಗೊಳ್ಳೋ ಹೊತ್ತಲ್ಲಿ ಇಪ್ಪತ್ತು ಸೆಕೆಂಡ್ ಉಳಿಸಿದ್ರಿ ಅನ್ನಿ, ಅದೇ ಜಾಗದಲ್ಲಿ ನಲವತ್ತೈದು ಬಸ್ಸು ಹೋಗತ್ತೆ. ಒಂದಿಂಚು ರಸ್ತೆ ಅಗಲ ಆಗಿಲ್ಲ, ಒಂದು ಗಾಡಿ ಜೋರಾಗಿ ಓಡಿಲ್ಲ, ಸಾಮರ್ಥ್ಯ ಮಾತ್ರ ಒಂದೂವರೆ ಪಟ್ಟು. ಪಕ್ಕದ ರಸ್ತೆಯ ಕಾರಿನ ಲೇನ್ ಜೊತೆ ಹೋಲಿಸಿ. ಸಿಗ್ನಲ್ ಇರೋ ಪೇಟೆ ರಸ್ತೆಯ ಒಂದು ಲೇನಲ್ಲಿ ಗಂಟೆಗೆ ಆರೇಳುನೂರು ಕಾರು ಹೋದ್ರೆ ಹೆಚ್ಚು, ಒಂದೊಂದರಲ್ಲಿ ಹೆಚ್ಚುಕಮ್ಮಿ ಒಬ್ಬನೇ. ಮೂರನೇ ಅವೆನ್ಯೂನಲ್ಲಿ ಆಗ ಒಂದು ದಿಕ್ಕಿಗೆ ಗಂಟೆಗೆ ನೂರರ ಮೇಲೆ ಬಸ್ಸು, ಒಂದೊಂದರಲ್ಲಿ ಐವತ್ತು ಜನ ಅಂದ್ರೂ ಐದು ಸಾವಿರ.

ಟಿಕೆಟ್ ವಿಷಯದಲ್ಲಿ ಮಾತ್ರ ಅಪ್ಪನಿಗೂ ನನಗೂ ಜಗಳವೇ ಆಯ್ತು. ಆಗ ಡೌನ್‌ಟೌನ್ ಒಳಗೆ ಹಗಲು ಹೊತ್ತು ಬಸ್ಸು ಪುಕ್ಕಟೆ, 1973ರಿಂದ ಹಾಗೆ. ಊರೊಳಗೆ ಬರುವಾಗ ಹತ್ತೋವಾಗ ದುಡ್ಡು ಕೊಡೋದು. ಊರಿಂದ ಹೊರಗೆ ಹೋಗುವಾಗ ಇಳಿಯೋವಾಗ ಕೊಡೋದು. ಹೊಸಬರಿಗೆ ತಲೆ ಕೆಡೋ ವ್ಯವಸ್ಥೆ. ನಾನು "ಹುಚ್ಚು ನಿಯಮ" ಅಂದೆ. ಅಪ್ಪ ಒಪ್ಪಲಿಲ್ಲ. "ಸಂಜೆ ಇಲ್ಲಿ ಒಂದು ಸ್ಟಾಪಲ್ಲಿ ಮೂವತ್ತು ಜನ ಹತ್ತುತಾರೆ. ಒಬ್ಬೊಬ್ಬರೂ ಡಬ್ಬಿಗೆ ಚಿಲ್ಲರೆ ಹಾಕ್ತಾ ನಿಂತ್ರೆ ಹಿಂದೆ ಹತ್ತು ಬಸ್ಸು ಸಾಲು. ಮೂರೂ ಬಾಗಿಲು ತೆಗೆದು ತುಂಬ್ಕೊಂಡು ಹೋಗಿ, ದೂರದ ಸ್ಟಾಪಲ್ಲಿ ಇಬ್ಬರು ಇಳಿಯೋವಾಗ ದುಡ್ಡು ಇಸ್ಕೊಂಡ್ರೆ ಯಾರಿಗೂ ತೊಂದರೆ ಇಲ್ಲ. ಇದನ್ನ ಮಾಡಿದೋನು ಯಾರೋ ಕಂಡಕ್ಟರ್ ಕೆಲಸ ಮಾಡಿದೋನೇ." ನಮ್ಮಲ್ಲಿ ಕಂಡಕ್ಟರ್ ಓಡೋ ಬಸ್ಸೊಳಗೆ ಟಿಕೆಟ್ ಹರೀತಾನಲ್ಲ, ಅದರ ನಿಜವಾದ ಲಾಭ ಏನು ಅಂತ ಅವತ್ತು ನನಗೆ ಹೊಳೀತು. ಅವನು ಬಸ್ಸನ್ನ ನಿಲ್ಲಿಸದೆ ದುಡ್ಡು ವಸೂಲಿ ಮಾಡ್ತಾನೆ!

2012ರ ಸೆಪ್ಟೆಂಬರ್ 29ಕ್ಕೆ ಆ ಪುಕ್ಕಟೆ ವ್ಯವಸ್ಥೆ ನಿಂತಿತು. ಕೌಂಟಿಗೆ ದುಡ್ಡಿನ ಅಡಚಣೆ ಇತ್ತು, ಕಾರಣ ಸುಳ್ಳಲ್ಲ. ಆದ್ರೆ ಮಾರನೇ ವಾರದಿಂದ ಎಲ್ಲರೂ ಮುಂದಿನ ಬಾಗಿಲಲ್ಲೇ ಹತ್ತಬೇಕು, ಕಾರ್ಡು ಸರಿಯಾಗಿ ಓದದಿದ್ರೆ ಡ್ರೈವರ್ ಜೊತೆ ಮಾತುಕತೆ, ಒಬ್ಬ ಅಜ್ಜ ನಾಣ್ಯ ಹುಡುಕ್ತಾ ಇದ್ರೆ ಹಿಂದೆ ಇಪ್ಪತ್ತೈದು ಜನ ಮಳೇಲಿ. ಸುರಂಗದಲ್ಲಂತೂ ಆಗ ಬಸ್ಸೂ ರೈಲೂ ಒಂದೇ ಹಳಿ ಮೇಲೆ ಓಡ್ತಿದ್ವು. ಮುಂದಿನ ಬಸ್ಸು ತಡ ಮಾಡಿದ್ರೆ ಹಿಂದಿನ ರೈಲು, ಒಳಗಿರೋ ಮುನ್ನೂರು ಜನ, ಸುಮ್ಮನೆ ಕತ್ತಲಲ್ಲಿ ಕಾಯಬೇಕು. ನಾನು ಅಪ್ಪನಿಗೆ ಫೋನಲ್ಲಿ ಹೇಳಿದೆ. "ಚಿಲ್ಲರೆ ಉಳಿಸೋಕೆ ಹೋಗಿ ಬಸ್ಸನ್ನೇ ಕಳ್ಕೊಂಡ್ರು" ಅಂತ ನಕ್ಕರು. ಅದನ್ನ ಸರಿ ಮಾಡೋಕೆ 2019 ಬರಬೇಕಾಯ್ತು. ಆ ವರ್ಷದಿಂದ ಮೂರನೇ ಅವೆನ್ಯೂನ ಫುಟ್‌ಪಾತಿನ ಮೇಲೇ ಕಾರ್ಡ್ ಓದೋ ಕಂಬ ನೆಟ್ಟಿದ್ದಾರೆ. ಬಸ್ಸು ಬರೋ ಮುಂಚೆ ಕಾರ್ಡ್ ಮುಟ್ಟಿಸಿ, ಬಂದ ಮೇಲೆ ಯಾವ ಬಾಗಿಲಲ್ಲಾದ್ರೂ ಹತ್ತಿ. ನಡುವಿನ ಏಳು ವರ್ಷ ಊರು ಅತಿ ಜೋರಾಗಿ ಬೆಳೆದ ವರ್ಷಗಳು ಅನ್ನೋದು ನೆನಪಿರಲಿ. ಈ ಒಂದು ವಿಷಯದಲ್ಲಿ ನನಗೆ ಇನ್ನೂ ಸಿಟ್ಟಿದೆ.

ಇದೇ ಹೊತ್ತಲ್ಲಿ ಪೇಪರ್ ತುಂಬಾ ಇದ್ದದ್ದು ಬರ್ತಾ. ಇದೊಂದು ಯಂತ್ರದ ಹೆಸರು. ದಡದ ಉದ್ದಕ್ಕೂ 1950ರ ದಶಕದಲ್ಲಿ ಕಟ್ಟಿದ ಎರಡು ಅಂತಸ್ತಿನ ಮೇಲ್ಸೇತುವೆ ಒಂದಿತ್ತು, ದಿನಕ್ಕೆ ತೊಂಬತ್ತು ಸಾವಿರ ಗಾಡಿ ಓಡ್ತಿದ್ದದ್ದು. 2001ರ ಫೆಬ್ರವರಿ 28ರ ಭೂಕಂಪದಲ್ಲಿ ಅದಕ್ಕೆ ಪೆಟ್ಟಾಯ್ತು. ಅದರ ಬದಲಿಗೆ ನೆಲದಡಿ ಕಾರಿನ ಸುರಂಗ ಮಾಡೋದು ಅಂತ ತೀರ್ಮಾನ, ಕೊರೆಯೋಕೆ ಐವತ್ತೇಳೂವರೆ ಅಡಿ ವ್ಯಾಸದ ಬರ್ತಾ. 2013ರ ಡಿಸೆಂಬರಲ್ಲಿ ಕೆಟ್ಟು ನಿಂತಳು ನೋಡಿ, ಎದ್ದು ಮತ್ತೆ ಕೆಲಸಕ್ಕೆ ಹೋಗೋಕೆ ಎರಡು ವರ್ಷ. ಸೋಮಾರಿ ಸೊಸೆಯ ಹಾಗೆ ಊರೆಲ್ಲಾ ಅವಳದೇ ಮಾತು. 2017ರ ಏಪ್ರಿಲ್ 4ಕ್ಕೆ ಆಚೆ ಕಡೆ ಹೊರಬಂದಳು.

ಒಟ್ಟು ಯೋಜನೆಗೆ ಮುನ್ನೂರು ಕೋಟಿ ಡಾಲರಿಗೂ ಮೇಲೆ. ಈಗ ಹೇಳ್ತೀನಿ ಕೇಳಿ: ಆ ಸುರಂಗದಲ್ಲಿ ಹೋದ್ರೆ ಡೌನ್‌ಟೌನಲ್ಲಿ ಇಳಿಯೋಕಾಗಲ್ಲ. ಒಂದು ಬಾಯಿ ಸ್ಟೇಡಿಯಂ ಹತ್ತಿರ, ಇನ್ನೊಂದು ಬಾಯಿ ಸ್ಪೇಸ್ ನೀಡಲ್ ಹತ್ತಿರ, ನಡುವೆ ಎಲ್ಲೂ ಹೊರದಾರಿ ಇಲ್ಲ. ಹಳೇ ಮೇಲ್ಸೇತುವೆಗೆ ಡೌನ್‌ಟೌನಿಗೆ ಇಳಿಯೋ ದಾರಿಯಾದ್ರೂ ಇತ್ತು. ಅಲ್ಲಿ ಒಂದು ದಿಕ್ಕಿಗೆ ಮೂರು ಲೇನ್, ಇಲ್ಲಿ ಎರಡು. ಅಂದ್ರೆ ಈ ಊರು ತನ್ನ ಡೌನ್‌ಟೌನ್ ವಿಚಾರವಾಗಿ ಮಾಡಿದ ಅತಿ ದುಬಾರಿ ರಸ್ತೆಯಿಂದ ಡೌನ್‌ಟೌನಿಗೆ ಒಬ್ಬ ಮನುಷ್ಯನೂ ಜಾಸ್ತಿ ಬರೋಕೆ ಆಗಲ್ಲ. ದಡ ಚೆಂದ ಆಯ್ತು, ಅದನ್ನ ನಾನು ಅಲ್ಲಗಳೆಯಲ್ಲ. ಮೇಲ್ಸೇತುವೆಯ ಸದ್ದಿಲ್ಲದೆ ಈಗ ಅಲ್ಲಿ ಸಮುದ್ರ ಕೇಳಿಸತ್ತೆ. ಆದ್ರೆ ಅದನ್ನ ಉದ್ಯಾನದ ಖರ್ಚು ಅಂತ ಬರೀಬೇಕು, ಸಾರಿಗೆ ಖರ್ಚು ಅಂತ ಅಲ್ಲ.

2019ರ ಜನವರಿಗೆ ಎಲ್ಲ ಒಟ್ಟೊಟ್ಟಿಗೆ ಬಂತು. 11ನೇ ತಾರೀಖು ಮೇಲ್ಸೇತುವೆ ಮುಚ್ಚಿದ್ರು, ಹೊಸ ಸುರಂಗ ಫೆಬ್ರವರಿ 4ಕ್ಕೆ ತೆಗೆಯೋದು. ನಡುವಿನ ಮೂರು ವಾರ ಎರಡೂ ಇಲ್ಲ. ಅದರ ಬೆನ್ನಿಗೇ ಮಾರ್ಚ್‌ನಲ್ಲಿ ಬಸ್ಸಿನ ಸುರಂಗದಿಂದ ಬಸ್ಸುಗಳನ್ನ ಶಾಶ್ವತವಾಗಿ ಹೊರಗೆ ಹಾಕೋದು, ಯಾಕಂದ್ರೆ ಕನ್ವೆನ್ಷನ್ ಸೆಂಟರ್ ದೊಡ್ಡದು ಮಾಡೋಕೆ ನಮ್ಮ ಕನ್ವೆನ್ಷನ್ ಪ್ಲೇಸ್ ನಿಲ್ದಾಣದ ಜಾಗವೇ ಬೇಕಾಗಿತ್ತು. ಯೋಜನೆ ಮಾಡೋರು ಇದಕ್ಕೆಲ್ಲ ಸೇರಿ "ಗರಿಷ್ಠ ಇಕ್ಕಟ್ಟಿನ ಕಾಲ" ಅಂತ ಹೆಸರಿಟ್ಟಿದ್ರು. ಪಂಚಾಂಗದಲ್ಲಿ ರಾಹುಕಾಲ ಬರೆದ ಹಾಗೆ.

ಮೇಲ್ಸೇತುವೆ ಮುಚ್ಚಿದ ಮೊದಲ ಸೋಮವಾರ ನಾನು ಬೆಳಗ್ಗೆ ಐದೂವರೆಗೇ ಹೊರಟೆ. ಟೀವಿಯವರು ಹೆಲಿಕಾಪ್ಟರ್ ಎಬ್ಬಿಸಿದ್ರು. ಬಸ್ಸು ಆರಾಮಾಗಿ ಬಂತು. ಆಫೀಸಲ್ಲಿ ನಾನು ಮತ್ತು ವಾಚ್‌ಮನ್ ಇಬ್ಬರೇ! ಪ್ರಳಯ ಬರಲೇ ಇಲ್ಲ. ತೊಂಬತ್ತು ಸಾವಿರ ಗಾಡಿ ಎಲ್ಲಿ ಹೋದವು ಅಂತ ಪೇಪರಿನವರು ಹುಡುಕಿದ್ದೇ ಹುಡುಕಿದ್ದು. ಕೆಲವರು ಮನೆಯಿಂದ ಕೆಲಸ ಮಾಡಿದ್ರು, ಕೆಲವರು ಹೊತ್ತು ಬದಲಾಯಿಸಿದ್ರು, ವೆಸ್ಟ್ ಸಿಯಾಟಲ್‌ನೋರು ದೋಣಿ ಹತ್ತಿದ್ರು, ಸೈಕಲ್ ತೆಗೆದೋರೂ ಇದ್ರು, ಇನ್ನು ಕೆಲವರು ಆ ಓಡಾಟವನ್ನೇ ಬಿಟ್ರು. ರಸ್ತೆ ಇದ್ರೆ ಗಾಡಿ ಹುಟ್ಕೊಳ್ಳತ್ತೆ ಅನ್ನೋದನ್ನ ಓದಿದ್ದೆ, ರಸ್ತೆ ತೆಗೆದ್ರೆ ಕರಗತ್ತೆ ಅನ್ನೋದನ್ನ ಕಣ್ಣಾರೆ ನೋಡಿದ್ದು ಆಗಲೇ.

ಆದ್ರೆ ಇದು ತಂತಾನೇ ಆದದ್ದಲ್ಲ. ಹಿಂದಿನ ಕೆಲಸ ಬಹಳ ಇತ್ತು. 1991ರಿಂದ ಈ ರಾಜ್ಯದಲ್ಲಿ ಒಂದು ಕಾನೂನಿದೆ: ನೂರು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡೋ ಜಾಗಗಳು ನೌಕರರ ಒಂಟಿ ಕಾರು ಕಮ್ಮಿ ಮಾಡೋಕೆ ಯೋಜನೆ ಹಾಕಲೇಬೇಕು. ಹಾಗಾಗಿ ನನ್ನ ಬಸ್ ಪಾಸಿಗೆ ಇವತ್ತಿನವರೆಗೂ ನಾನು ದುಡ್ಡು ಕೊಟ್ಟಿಲ್ಲ, ಆಫೀಸೇ ಕೊಡತ್ತೆ. ಪಾರ್ಕಿಂಗಿಗೆ ಮಾತ್ರ ನಾನೇ ಕೊಡಬೇಕು. 2014ರ ಏಪ್ರಿಲಲ್ಲಿ ಬಸ್ಸಿಗೆ ತೆರಿಗೆ ಕೇಳಿದಾಗ ಕೌಂಟಿಯ ಜನ ಬೇಡ ಅಂದ್ರು, ಬಸ್ಸು ಕಡಿತ ಶುರುವಾಯ್ತು. ಅದೇ ನವೆಂಬರಲ್ಲಿ ಸಿಯಾಟಲ್ ಊರಿನೋರು ಮಾತ್ರ ಸೇರಿ, ಕಾರಿಗೆ ವರ್ಷಕ್ಕೆ ಅರವತ್ತು ಡಾಲರ್ ಮತ್ತು ಒಂಚೂರು ಮಾರಾಟ ತೆರಿಗೆ ತಮ್ಮ ಮೇಲೆ ತಾವೇ ಹಾಕ್ಕೊಂಡು ಬಸ್ಸು ಕೊಂಡ್ಕೊಂಡ್ರು. ಬಸ್ಸು ಹೆಚ್ಚಿದ್ದು ಆಗ. 2018ರ ಆಗಸ್ಟ್‌ನಲ್ಲಿ ಮೂರನೇ ಅವೆನ್ಯೂನ ಕಾರು ನಿಷೇಧವನ್ನ ಬೆಳಗ್ಗೆ ಆರರಿಂದ ಸಂಜೆ ಏಳರವರೆಗೆ ಹಿಗ್ಗಿಸಿದ್ರು. ಕೋವಿಡ್‌ಗೆ ಮುಂಚೆ ದಿನಕ್ಕೆ ಸುಮಾರು 2,500 ಬಸ್ಸು ಆ ಒಂದು ರಸ್ತೆಯಲ್ಲಿ.

ನಾನು ಇದನ್ನೆಲ್ಲ ಹೇಳಿದಾಗ ಬೆಂಗಳೂರಿನ ಗೆಳೆಯರು "ನಮ್ಮ ಜನ ಬೇರೆ ಬಿಡಪ್ಪ" ಅಂತಾರೆ. ಹಾಗೆ ನೋಡಿದ್ರೆ 2019ರ ಅಕ್ಟೋಬರಲ್ಲಿ ಸಿಲ್ಕ್ ಬೋರ್ಡಿಂದ ಕೆ.ಆರ್. ಪುರದ ಕಡೆಗೆ ಹೊರವರ್ತುಲ ರಸ್ತೆಯಲ್ಲಿ ಬಸ್ಸಿಗೇ ಅಂತ ಲೇನ್ ಮಾಡಿದ್ರಲ್ಲ, ಅದು ಕೆಲಸ ಮಾಡಿತ್ತು. ಆಮೇಲೆ ಮೆಟ್ರೋ ಕಾಮಗಾರಿಯಲ್ಲಿ ಕರಗಿ ಹೋಯ್ತು. ಈಗ ಅಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಕಾರಿನ ಸುರಂಗದ ಮಾತು. ನಾನು ದೂರದಲ್ಲಿ ಕೂತೋನು, ಅಲ್ಲಿ ದಿನಾ ಧೂಳು ಕುಡಿಯೋರಿಗೆ ಬುದ್ಧಿ ಹೇಳೋ ಯೋಗ್ಯತೆ ನನಗಿಲ್ಲ. ಬರ್ತಾ ಕಥೆ ಗೊತ್ತಿರೋದ್ರಿಂದ ಒಂದೇ ಪ್ರಶ್ನೆ ಕೇಳ್ತೀನಿ: ಒಳಗೆ ಹೋದ ಕಾರು ಹೊರಗೆ ಬಂದ ಮೇಲೆ ಯಾವ ರಸ್ತೆಯಲ್ಲಿ ನಿಲ್ಲತ್ತೆ?

ಇನ್ನು ನಮ್ಮ 41ರ ವಿಷಯ. 2019ರ ಮಾರ್ಚ್‌ನಿಂದ ಅದೂ ಮೇಲೆ ಬಂತು, ಮಳೇಲಿ ಕಾಯೋದು ಅಭ್ಯಾಸ ಆಯ್ತು. 2020ರಲ್ಲಿ ಬಸ್ಸೂ ಖಾಲಿ, ಡೌನ್‌ಟೌನೂ ಖಾಲಿ. 2021ರ ಅಕ್ಟೋಬರ್ 2ಕ್ಕೆ ನಾರ್ತ್‌ಗೇಟ್‌ವರೆಗೆ ರೈಲು ಬಂತು, ಅವತ್ತಿಗೆ 41 ಮುಗೀತು. ಡೌನ್‌ಟೌನಿಗೆ ಈಗ ಹದಿನಾಲ್ಕು ನಿಮಿಷ, ಐ-5ರಲ್ಲಿ ಯಾರು ಯಾರಿಗೆ ಗುದ್ದಿದ್ರೂ ಹದಿನಾಲ್ಕೇ ನಿಮಿಷ. ಹಳೇ ಬಸ್ಸಿನ ಮೇಲೆ ಎಷ್ಟೇ ಪ್ರೀತಿ ಇದ್ರೂ ಇದನ್ನ ಒಪ್ಪಲೇಬೇಕು. 2024ರ ಆಗಸ್ಟ್‌ನಲ್ಲಿ ಉತ್ತರಕ್ಕೆ ಲಿನ್‌ವುಡ್‌ವರೆಗೆ ಹೋಯ್ತು, ಅದೇ ದಿನ ನಾನಿಳಿಯೋ ಯೂನಿವರ್ಸಿಟಿ ಸ್ಟ್ರೀಟ್ ನಿಲ್ದಾಣಕ್ಕೆ ಸಿಂಫನಿ ಅಂತ ಹೊಸ ಹೆಸರಿಟ್ರು. (ಯೂನಿವರ್ಸಿಟಿ ಅನ್ನೋ ಹೆಸರು ನೋಡಿ ಎಷ್ಟು ಹುಡುಗರು ಅಲ್ಲಿ ಇಳಿದು ಕ್ಯಾಂಪಸ್ ಹುಡುಕಿದ್ದಾರೋ!)

ಅಪ್ಪ ಆ ರೈಲು ನೋಡಲಿಲ್ಲ. 2017ರಲ್ಲಿ ಹೋದ್ರು.

ಮೂರನೇ ಅವೆನ್ಯೂ ಈಗ ಅವರು ನೋಡಿದ ಹಾಗಿಲ್ಲ. ಮುಚ್ಚಿದ ಅಂಗಡಿಗಳು, ಬಾಗಿಲ ಮೂಲೆಯಲ್ಲಿ ಮಾದಕದ್ರವ್ಯ ಸೇದೋರು, ಸಂಜೆ ಆದ್ರೆ ನನ್ನ ಹೆಂಡತಿ ಅಲ್ಲಿ ಒಬ್ಬಳೇ ಬಸ್ಸಿಗೆ ಕಾಯಲ್ಲ. ಬಸ್ಸು ಜಾಸ್ತಿ ಆಗಿದ್ದೇ ರಸ್ತೆ ಹಾಳಾಗೋಕೆ ಕಾರಣ, ಬಸ್ಸು ಕಮ್ಮಿ ಮಾಡಿ ಅನ್ನೋರೂ ಇದ್ದಾರೆ. ನಾನು ಒಪ್ಪಲ್ಲ, ಆದ್ರೆ ಅವರ ಮಾತನ್ನ ತಳ್ಳಿ ಹಾಕೋಕೂ ಆಗಲ್ಲ. ಗಂಟೆಗೆ ಎಷ್ಟು ಸಾವಿರ ಜನ ಅಂತ ಲೆಕ್ಕ ಹಾಕಿದೋರು, ಆ ಜನ ನಿಂತು ಕಾಯೋ ಜಾಗ ಹೇಗಿರಬೇಕು ಅಂತ ಅಷ್ಟೇ ಕಾಳಜಿಯಿಂದ ಯೋಚಿಸಲಿಲ್ಲ. ಹಾಸನ ಸ್ಟ್ಯಾಂಡಲ್ಲಿ ಒಂದು ಕಾಫಿ ಅಂಗಡಿ, ಒಂದು ಪೇಪರ್ ಅಂಗಡಿ, ಸೀಟಿ ಹಿಡಿದ ಒಬ್ಬ ಟಿ.ಸಿ. ಆದ್ರೂ ಇದ್ರು.

ಮುಂದಿನ ಜಗಳ ಎರಡನೇ ಸುರಂಗದ್ದು. 2016ರಲ್ಲಿ ಜನ ಒಪ್ಪಿದ ದೊಡ್ಡ ಯೋಜನೆಯಲ್ಲಿ ಬ್ಯಾಲರ್ಡ್ ಕಡೆಯ ರೈಲಿಗೆ ಡೌನ್‌ಟೌನ್ ಕೆಳಗೆ ಇನ್ನೊಂದು ಸುರಂಗ ಇದೆ. ಮೊದಲು 2035 ಅಂದ್ರು, ಆಮೇಲೆ 2039. ಖರ್ಚಿನ ಅಂದಾಜು ಏರ್ತಾ ಹೋಗಿ, 2025ರಲ್ಲಿ ಒಂದು ಚರ್ಚೆ ಎದ್ದಿತು: ಇರೋ ಸುರಂಗದಲ್ಲೇ ರೈಲುಗಳನ್ನ ಇನ್ನೂ ಹತ್ತಿರ ಹತ್ತಿರ ಬಿಟ್ಟು, ಎರಡನೇದನ್ನ ಕೈಬಿಡಬಹುದಾ? ಪ್ಲಾಟ್‌ಫಾರಂ ಉದ್ದಕ್ಕೆ ನಾಲ್ಕು ಬೋಗಿ ಸರಿಯಾಗಿ ಕೂರತ್ತೆ, ಐದನೇದಕ್ಕೆ ಜಾಗ ಇಲ್ಲ. ಹಾಗಾದ್ರೆ ಉಳಿಯೋದು ಒಂದೇ, ಒಂದು ರೈಲು ಹೋಗಿ ಇನ್ನೊಂದು ಬರೋ ನಡುವಿನ ಹೊತ್ತು. ಒಂದೊಂದು ನಿಲ್ದಾಣದಲ್ಲಿ ಬಾಗಿಲು ಎಷ್ಟು ಹೊತ್ತು ತೆಗೆದಿರತ್ತೆ ಅನ್ನೋದರ ಮೇಲೆ ನೂರಾರು ಕೋಟಿ ಡಾಲರಿನ ಪ್ರಶ್ನೆ ನಿಂತಿದೆ.

ಹಾಗಾಗಿ ಹೋದ ತಿಂಗಳು ಒಂದು ಸಂಜೆ ವೆಸ್ಟ್‌ಲೇಕ್ ನಿಲ್ದಾಣದ ಪ್ಲಾಟ್‌ಫಾರಂ ಮೇಲೆ ಅಪ್ಪನ ಎಚ್‌ಎಂಟಿ ಕಟ್ಕೊಂಡು ನಿಂತೆ. ಬಾಗಿಲು ತೆಗೆದದ್ದರಿಂದ ಹಾಕೋವರೆಗೆ ಮೊದಲ ರೈಲು 34 ಸೆಕೆಂಡ್, ಎರಡನೇದು 31. ಮೂರನೇದಕ್ಕೆ ಬೇಸ್‌ಬಾಲ್ ಮ್ಯಾಚಿನ ಜನ ನುಗ್ಗಿದ್ರು, ಯಾರೋ ಬಾಗಿಲಿಗೆ ಬ್ಯಾಗ್ ಅಡ್ಡ ಇಟ್ರು, 58. ಪಕ್ಕದಲ್ಲಿ ನಿಂತಿದ್ದ ಹುಡುಗಿ ನನ್ನ ವಾಚು, ಕೈಲಿದ್ದ ಚೀಟಿ ಎರಡನ್ನೂ ನೋಡಿ, ನೀವು ಸೌಂಡ್ ಟ್ರಾನ್ಸಿಟ್‌ನೋರಾ ಅಂತ ಕೇಳಿದ್ಲು. ಅಲ್ಲ ಅಂದೆ. ನಾಲ್ಕನೇ ರೈಲು ಬಂತು, 36.